ಕತ್ತಿ ಇದ್ದ ಮನೆಗೆ ಮಲ್ಟಿಟೂಲ್: ತಗೊಂಡರೆ ಯಾವುದು?

ಶಿರಸಿ ಕಡೆಯ ತೋಟದ ಮನೆಯಲ್ಲಿ ಅಲಗಿಗೆ ಬರವಿಲ್ಲ. ಸೊಪ್ಪು ಸವರಲು ಒಂದು ಕತ್ತಿ, ಕಾಯಿ ಸುಲಿಯಲು ಇನ್ನೊಂದು, ಅಡಿಕೆಗೆ ಮೆಟ್ಟುಗತ್ತಿ, ಕವಳಕ್ಕೆ ಅಡಕತ್ತರಿ. ಕಾರವಾರದ ಬೈತಖೋಲ ಬಂದರಿನ ದೋಣಿಗಳಲ್ಲೂ ಮೀನು ಕೊಯ್ಯುವ ಚೂರಿ ಇದ್ದೇ ಇರುತ್ತದೆ. ಹಾಗಾಗಿ ಹೊರದೇಶದ ವಿಮರ್ಶೆಗಳಲ್ಲಿ ಮಲ್ಟಿಟೂಲ್ (ಒಂದೇ ಹಿಡಿಯಲ್ಲಿ ಹಲವು ಸಲಕರಣೆ ಮಡಚಿಟ್ಟ ಕಿಸೆಯ ಉಪಕರಣ) ಹಿಡಿದು ಕೊಂಬೆ ಕಡಿಯುವುದು, ಸೌದೆ ಸೀಳುವುದು ನೋಡಿದರೆ ನಗು ಬರುತ್ತದೆ. ಆ ಕೆಲಸಕ್ಕೆ ಸೊಂಟದ ಕೊಕ್ಕೆಯಲ್ಲಿ ನೇತಾಡುವ ಕತ್ತಿಯೇ ಸಾಕು, ಅದರ ಎದುರು ಯಾವ ಸ್ವಿಸ್ ಚಾಕುವೂ ನಿಲ್ಲದು. ಕಿಸೆಯ ಉಪಕರಣವನ್ನು ಅಳೆಯಬೇಕಾದ್ದು ಕತ್ತಿಯಿಂದ ಆಗದ ಕೆಲಸಗಳಲ್ಲಿ: ಒದ್ದೆ ಹಗ್ಗದ ಗಂಟು ಬಿಡಿಸುವುದು, ಟಾರ್ಪಾಲಿಗೆ ತೂತು ಹಾಕಿ ಹೊಲಿಯುವುದು, ಗಾಳ ಕೀಳುವುದು, ಸ್ಪ್ರೇಯರಿನ ಸಡಿಲ ತಿರುಪು ಬಿಗಿ ಮಾಡುವುದು, ಕಾಲಿಗೆ ಹೊಕ್ಕ ಮುಳ್ಳು ತೆಗೆಯುವುದು. ಇವುಗಳ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ ಆದ ಎರಡು ಪರೀಕ್ಷೆಗಳಿವೆ. ಕರಾವಳಿಯ ಉಪ್ಪು ಒಂದು, ಘಟ್ಟದ ಮಳೆಗಾಲ ಇನ್ನೊಂದು.

ಮೊದಲು ಹೆಸರಿನ ವಿಷಯ. ಕ್ಯಾಟಲಾಗಿನಲ್ಲಿ ಹಂಟ್ಸ್‌ಮನ್, ಹಂಟರ್ ಎಂದೆಲ್ಲ ಬೇಟೆಗಾರನ ಹೆಸರಿರುತ್ತದೆ. ನಮ್ಮಲ್ಲಿ ಶಿಕಾರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಲೇ ನಿಷಿದ್ಧ. ಹಾಗಾಗಿ ಇಲ್ಲಿ ಈ ಚಾಕುಗಳಿಗೆ ಇರುವುದು ಚಾರಣ, ತೋಟ, ಗಾಳದ ಮೀನು, ಬಿಡಾರದ ಅಡುಗೆ. ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿಯೂ ಉಂಟು. ಅದೇ ಕಾಯ್ದೆಯ ಸೆಕ್ಷನ್ 2(35) ಆಯುಧ ಎಂದರೇನು ಎಂದು ಹೇಳುವಾಗ ಬಂದೂಕು, ಬಿಲ್ಲುಬಾಣಗಳ ಸಾಲಿನಲ್ಲಿ ಚಾಕು, ಕೊಕ್ಕೆ, ಬಲೆಗಳನ್ನೂ ಸೇರಿಸಿದೆ. ಅಭಯಾರಣ್ಯದೊಳಗೆ ಆಯುಧ ಒಯ್ಯಲು ಸೆಕ್ಷನ್ 31ರ ಪ್ರಕಾರ ಲಿಖಿತ ಅನುಮತಿ ಬೇಕು. ಅಣಶಿ, ದಾಂಡೇಲಿಯ ಕಾಡು ಸೇರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಗಿರುವುದರಿಂದ ಅಲ್ಲಿ ಒಳಗೆ ನಡೆಯುವವರು ಮೊದಲೇ ಆ ಲಿಖಿತ ಅನುಮತಿ ಪಡೆದಿರಬೇಕು, ಇಲ್ಲವೇ ಚಾಕುವನ್ನು ಮನೆಯಲ್ಲೇ ಬಿಡಬೇಕು. ‘ಬರೀ ಪೆನ್‌ನೈಫ್ ಸಾರ್’ ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಶಸ್ತ್ರಾಸ್ತ್ರ ನಿಯಮಗಳ ಲೆಕ್ಕ ಬೇರೆ. ಅಲ್ಲಿ ಪರವಾನಗಿ ಬೇಕಾಗುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ, ಅದೂ ಮನೆಬಳಕೆ, ಕೃಷಿಯ ಸಲಕರಣೆ ಬಿಟ್ಟು. ಕಿಸೆಯ ಯಾವ ಮಲ್ಟಿಟೂಲೂ ಆ ಅಳತೆಯ ಹತ್ತಿರ ಹೋಗುವುದಿಲ್ಲ.

ಇನ್ನು ಚಾಕುಗಳಿಗೆ ಬರೋಣ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಹಂಟ್ಸ್‌ಮನ್: ಮುಚ್ಚಿದಾಗ 91 ಮಿ.ಮೀ., ತೂಕ ಸುಮಾರು 97 ಗ್ರಾಂ. ದೊಡ್ಡ ಅಲಗು, ಸಣ್ಣ ಅಲಗು, ಗರಗಸ, ಕತ್ತರಿ, ಡಬ್ಬಿ ಮತ್ತು ಬಾಟಲಿ ತೆಗೆಯುವವು, ದಬ್ಬಣ, ಬಿರಡೆ ತೆಗೆಯುವ ಸುರುಳಿ, ಕೊಕ್ಕೆ, ಹಿಡಿಯೊಳಗೆ ಚಿಮಟ ಮತ್ತು ಹಲ್ಲುಕಡ್ಡಿ. ಇದರಲ್ಲಿ ನಮಗೆ ಮುಖ್ಯ ಅಲಗಲ್ಲ, ಗರಗಸ. ಅದರ ಹಲ್ಲುಗಳನ್ನು ಸಾಮಾನ್ಯ ಗರಗಸದಂತೆ ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿಲ್ಲ. ಹಲ್ಲಿನ ಕಡೆ ದಪ್ಪ, ಬೆನ್ನಿನ ಕಡೆ ತೆಳು ಆಗುವಂತೆ ಉಜ್ಜಿ ತೆಗೆದಿದ್ದಾರೆ. ಕೊರೆದ ಸೀಳಿನಲ್ಲಿ ಅಲಗು ಸಿಕ್ಕಿಕೊಳ್ಳದಿರುವುದು ಅದಕ್ಕೇ. ಮೂರು ಸೆಂಟಿಮೀಟರ್ ದಪ್ಪದ ಗೇರು ಅಥವಾ ಪೇರಲೆ ಟೊಂಗೆಯನ್ನು ಸಿಪ್ಪೆ ಸೀಳದೆ ನೀಟಾಗಿ ಕೊಯ್ಯುತ್ತದೆ. ಕಸಿ ಕಟ್ಟುವವರಿಗೆ ಇದು ಕತ್ತಿಗಿಂತ ಮೇಲು, ಕತ್ತಿಯ ಏಟಿಗೆ ಟೊಂಗೆಯ ತುದಿ ಸಿಗಿದುಹೋಗುತ್ತದೆ. ನಾಲ್ಕು ಸೆಂಟಿಮೀಟರ್ ದಾಟಿದರೆ ಎಳೆಯಲು ಜಾಗವೇ ಉಳಿಯದು. ಹಲಸು ಕೊಯ್ದರೆ ಅಂಟು ಹಲ್ಲುಗಳ ಸಂದಿನಲ್ಲಿ ಕೂತು ಗರಗಸ ಜಾರತೊಡಗುತ್ತದೆ. ಹಲಸಿನ ಹಣ್ಣು ಬಿಡಿಸುವಾಗ ಮಾಡುವ ಹಾಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಆಯಿತು, ಅಂಟಿದ ಮೇಲೆ ಸೀಮೆಎಣ್ಣೆ ಅದ್ದಿದ ಬಟ್ಟೆ.

ಸುರುಳಿಯನ್ನು ಕಂಡು ‘ವೈನ್ ಕುಡಿಯುವವರಿಗೆ’ ಎಂದು ಮೂಗು ಮುರಿಯುವವರೇ ಹೆಚ್ಚು. ಆದರೆ ಮಳೆಯಲ್ಲಿ ನೆನೆದು ಬಿಗಿದ ನೈಲಾನ್ ಹಗ್ಗದ ಗಂಟಿಗೆ ಅದರ ಮೊನೆ ತೂರಿಸಿ ಎರಡು ಸುತ್ತು ತಿರುಗಿಸಿ ಎಳೆದು ನೋಡಿ. ಹಲ್ಲಿನಲ್ಲಿ ಕಚ್ಚಿದರೂ ಬಿಡದ ಗಂಟು ಸಡಿಲಾಗುತ್ತದೆ. ದಬ್ಬಣದ ನಡುವೆ ದಾರ ಪೋಣಿಸುವ ಕಣ್ಣು ಇದೆ. ಹರಿದ ಟಾರ್ಪಾಲು, ಗೋಣಿಚೀಲ, ಬೆನ್ನಚೀಲದ ಪಟ್ಟಿ ಹೊಲಿಯಲು ದಾರ ಪೋಣಿಸಿ ಆಚೆಗೆ ಚುಚ್ಚಿ, ತುಸು ಹಿಂದೆಳೆದರೆ ಕುಣಿಕೆ ಏಳುತ್ತದೆ. ಅದರೊಳಗೆ ದಾರದ ಇನ್ನೊಂದು ತುದಿ ದಾಟಿಸಿ ದಬ್ಬಣ ಹೊರಗೆಳೆದರೆ ಒಂದು ಹೊಲಿಗೆ. ಪ್ರತಿ ಹೊಲಿಗೆಗೂ ಹೀಗೇ. ನಿಧಾನದ ಕೆಲಸ, ಆದರೆ ನಿಲ್ಲುತ್ತದೆ.

ಚಿಮಟ ಮುಳ್ಳಿಗೆ ಒಳ್ಳೆಯದು, ಉಣುಗಿಗೆ ಅಷ್ಟಕ್ಕಷ್ಟೆ. ಮಂಗನ ಕಾಯಿಲೆಯ ಭಯವಿರುವ ಸಿದ್ದಾಪುರ, ಹೊನ್ನಾವರದ ಬೆಟ್ಟಗಳಲ್ಲಿ ತಿರುಗುವವರು ಇದನ್ನು ತಿಳಿದಿರಬೇಕು. ಈ ಚಿಮಟದ ತುದಿ ಅಗಲ, ಎಳ್ಳಿನಷ್ಟಿರುವ ಮರಿ ಉಣುಗಿನ ಹೊಟ್ಟೆಯನ್ನೇ ಹಿಸುಕಿಬಿಡುತ್ತದೆ. ಉಣುಗನ್ನು ಚರ್ಮಕ್ಕೆ ತಾಗಿದ ಬಾಯಿಯ ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಬೇಕು. ಅದಕ್ಕೆ ಚೂಪು ತುದಿಯ ಬೇರೆ ಚಿಮಟವೇ ಬೇಕು. ಉಂಬಳಕ್ಕಂತೂ ಚಾಕು ಬೇಡವೇ ಬೇಡ, ಕವಳದ ಸುಣ್ಣದ ಡಬ್ಬಿ ಸಾಕು.

ಹಂಟ್ಸ್‌ಮನ್‌ನ ದೊಡ್ಡ ಕೊರತೆ ಅಲಗಿಗೆ ಲಾಕ್ ಇಲ್ಲದಿರುವುದು. ತೆರೆದ ಅಲಗನ್ನು ಬೆನ್ನಿನ ಸ್ಪ್ರಿಂಗ್ ಮಾತ್ರ ಹಿಡಿದಿರುತ್ತದೆ. ಕೊಯ್ಯುವಾಗ ಒತ್ತಡ ಅಲಗನ್ನು ತೆರೆಯುವ ದಿಕ್ಕಿಗೆ ಬೀಳುವುದರಿಂದ ತೊಂದರೆಯಿಲ್ಲ. ಮೊನೆಯಿಂದ ಚುಚ್ಚಿದರೆ, ಸಿಕ್ಕಿಬಿದ್ದ ಅಲಗನ್ನು ಅಲುಗಾಡಿಸಿದರೆ, ಬೆನ್ನಿನ ಮೇಲೆ ಏಟು ಹಾಕಿದರೆ ಅದು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಪೆಟ್ಟಾಗುವುದು ಹೆಚ್ಚಾಗಿ ತೋರುಬೆರಳಿನ ನಡುಗಂಟಿಗೆ. ಎಳನೀರಿನ ಕಣ್ಣು ಚುಚ್ಚುವುದು, ಬಂಡೆಗೆ ಅಂಟಿದ ಕಲ್ವಾ ಎಂಬ ಚಿಪ್ಪುಮೀನು ಎಬ್ಬಿಸುವುದು, ಚಿಪ್ಪು ಬಿಡಿಸುವುದು ಇವೆಲ್ಲ ಲಾಕಿಲ್ಲದ ಚಾಕುವಿನಲ್ಲಿ ಮಾಡಬಾರದ ಕೆಲಸಗಳು. ಲಾಕ್ ಇದ್ದರೂ ಕಲ್ವಾಕ್ಕೆ ಮೊಂಡು, ದಪ್ಪ ಅಲಗಿನ ಬೇರೆ ಸಲಕರಣೆಯೇ ಸರಿ. ಕಿಸೆಚಾಕುವಿನ ಮೊನೆ ಅಲ್ಲಿ ಮುರಿಯುತ್ತದೆ.

ಲಾಕ್ ಬೇಕೆನ್ನುವವರಿಗೆ ಅದೇ ಕಂಪನಿಯ 111 ಮಿ.ಮೀ. ಸಾಲು ಇದೆ, ಫಾರೆಸ್ಟರ್ ಮತ್ತು ಹಂಟರ್. ಹಿಡಿ ಮುಷ್ಟಿ ತುಂಬುತ್ತದೆ, ಅಲಗು ಲೈನರ್ ಲಾಕ್ ಆಗುತ್ತದೆ (ಹಿಡಿಯೊಳಗಿನ ಲೋಹದ ಪಟ್ಟಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ), ಗರಗಸವೂ ಉದ್ದ. ಹಂಟರ್‌ನಲ್ಲಿ ಹೆಚ್ಚುವರಿಯಾಗಿ ಇರುವುದು ತುದಿ ಮೊಂಡಾಗಿ ಬಾಗಿದ ಅಲಗು. ಬೇಟೆಯ ಪ್ರಾಣಿಯ ಹೊಟ್ಟೆ ಸೀಳುವಾಗ ಕರುಳು ತೂತಾಗದಿರಲಿ ಎಂದು ಮಾಡಿದ್ದು. ಇಲ್ಲಿ ಆ ಕೆಲಸವಿಲ್ಲ. ಗೊಬ್ಬರದ ಚೀಲದ ಬಾಯಿ, ಬಿಗಿದ ಹಗ್ಗ, ಶೇಡ್‌ನೆಟ್ಟು ಕೊಯ್ಯಲು ಅದು ಚೆನ್ನಾಗಿಯೇ ಒದಗುತ್ತದೆ. ಆದರೆ ಅಷ್ಟಕ್ಕೇ ಹೆಚ್ಚು ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ಫಾರೆಸ್ಟರ್ ಸಾಕು. ಬಂಗುಡೆ, ತಾರ್ಲೆ ಹಸನು ಮಾಡಲು ನೇರ ಅಲಗೇ ಸುಲಭ.

ಅದೇ ಕಂಪನಿಯ 93 ಮಿ.ಮೀ. ಫಾರ್ಮರ್ ಇನ್ನೊಂದು ಜಾತಿ. ಅಲಗು, ಗರಗಸ, ದಬ್ಬಣ, ಡಬ್ಬಿ ಮತ್ತು ಬಾಟಲಿ ತೆಗೆಯುವವು, ಅಷ್ಟೇ. ಹಿಡಿ ಉಬ್ಬಚ್ಚಿನ ಅಲ್ಯುಮಿನಿಯಂ, ಒದ್ದೆ ಕೈಯಲ್ಲೂ ಜಾರುವುದಿಲ್ಲ, ನೆಲಕ್ಕೆ ಬಿದ್ದರೆ ಒಡೆಯುವ ಪ್ಲಾಸ್ಟಿಕ್ ಇಲ್ಲ. ಕತ್ತರಿ, ಚಿಮಟ ಇಲ್ಲ. ತೋಟದಲ್ಲಿ ದಿನವಿಡೀ ಇರುವವರಿಗೆ ಇದೇ ಹಂಟ್ಸ್‌ಮನ್‌ಗಿಂತ ಹೆಚ್ಚು ಬಾಳುವ ವಸ್ತು.

ಕರಾವಳಿಗೆ ಇಳಿದರೆ ಲೆಕ್ಕ ಬದಲಾಗುತ್ತದೆ. ಗಾಳ ಹಾಕುವವರಿಗೆ ಇಕ್ಕಳವಿಲ್ಲದ ಚಾಕು ಅರ್ಧ ಉಪಕರಣ. ಇಲ್ಲಿ ನಡುವೆ ಇಕ್ಕಳವಿರುವ, ಲೆದರ್‌ಮನ್ ಕಂಪನಿಯ ವೇವ್ ಪ್ಲಸ್ ಮಾದರಿಯದ್ದು ಬೇಕಾಗುತ್ತದೆ. ಮುಚ್ಚಿದಾಗ 10 ಸೆಂ.ಮೀ., ತೂಕ 241 ಗ್ರಾಂ. ನೇರ ಬಾಯಿಯದ್ದೊಂದು, ಗರಗಸಬಾಯಿಯದ್ದೊಂದು ಅಲಗು. ಎರಡೂ ಹೊರಗಡೆಯಿಂದ, ಇಕ್ಕಳ ಬಿಚ್ಚದೆಯೇ, ಒಂದೇ ಕೈಯಲ್ಲಿ ತೆರೆಯುತ್ತವೆ, ಲಾಕ್ ಆಗುತ್ತವೆ. ಇನ್ನೊಂದು ಕೈಯಲ್ಲಿ ಒದ್ದಾಡುವ ಮೀನು ಇದ್ದಾಗ ಇದರ ಬೆಲೆ ತಿಳಿಯುತ್ತದೆ. ಗಾಳಕ್ಕೆ ಕಟ್ಟುವ ಹೆಣೆದ ಬ್ರೇಡ್ ದಾರ ನಯವಾದ ಅಲಗಿಗೆ ಜಾರುತ್ತದೆ, ಗರಗಸಬಾಯಿಗೆ ಒಂದೇ ಎಳೆತಕ್ಕೆ ತುಂಡಾಗುತ್ತದೆ. ತಂತಿ ಕತ್ತರಿಸುವ ಬಾಯಿಯ ತುಂಡುಗಳನ್ನು ತಿರುಪು ಬಿಚ್ಚಿ ಬದಲಿಸಬಹುದು. ಇದು ಬರೀ ಜಾಹೀರಾತಿನ ಮಾತಲ್ಲ. ಗಾಳದ ಉಕ್ಕು ಗಟ್ಟಿ ಮಾಡಿದ್ದು, ಸಾದಾ ಬೇಲಿತಂತಿಯ ಹಾಗಲ್ಲ. ಹತ್ತು ಗಾಳ ಕತ್ತರಿಸಿದರೆ ಬಾಯಿಯಲ್ಲಿ ಕಚ್ಚು ಬೀಳುವುದು ಖಚಿತ. ಬೆರಳಿಗೆ ಹೊಕ್ಕ ಗಾಳದ ಮೊನೆ ಕತ್ತರಿಸಲೇಬೇಕಾಗಿ ಬಂದರೆ ಇಕ್ಕಳದ ತೀರಾ ಒಳಗೆ, ತಿರುಗಣೆಯ ಹತ್ತಿರ ಇಟ್ಟು ಕತ್ತರಿಸಿ. ಹಾರುವ ಚೂರು ಕಣ್ಣಿಗೆ ಬೀಳದಂತೆ ಮೇಲೊಂದು ಬಟ್ಟೆ ಮುಚ್ಚಿಕೊಳ್ಳಿ.

ಇದೇ ಇಕ್ಕಳವನ್ನು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹಾಕುವವರಿಗೆ ಒಂದು ಎಚ್ಚರಿಕೆ. ಹಿಡಿ ಪೂರಾ ಲೋಹ, ಕಟಿಂಗ್ ಪ್ಲೈಯರಿನ ಹಾಗೆ ರಬ್ಬರು ಕವಚ ಇಲ್ಲ. ಮೂರು ಫೇಸಿನ ಪಂಪಿನಲ್ಲಿ ಹರಿಯುವುದು 415 ವೋಲ್ಟ್. ಕಂಬದ ಸ್ವಿಚ್ಚು, ಫ್ಯೂಸು ತೆಗೆಯದೆ ಮುಟ್ಟಬೇಡಿ. ಹಂದಿಗೆ ಹಾಕಿದ ಸೋಲಾರ್ ಬೇಲಿಗೂ ಇದೇ ಮಾತು.

ವೇವ್‌ನ ದೋಷ ತೂಕ. ಪ್ಯಾಂಟಿನ ಬೆಲ್ಟಿಗಾದರೆ ಸರಿ, ಪಂಚೆಯ ಸೊಂಟಕ್ಕೆ ಸಿಕ್ಕಿಸಿದರೆ ಮರ್ಯಾದೆ ಉಳಿಯುವುದು ಕಷ್ಟ. ಜೋಡಣೆಯ ತಿರುಪುಗಳು ನಡುವೆ ಮುಳ್ಳಿರುವ, ನಕ್ಷತ್ರ ಆಕಾರದ ಬಾಯಿಯ ಸೆಕ್ಯುರಿಟಿ ಟಾರ್ಕ್ಸ್, ಊರಿನ ಹಾರ್ಡ್‌ವೇರ್ ಅಂಗಡಿಯ ಸಾದಾ ಬಿಟ್ಟು ಕೂರುವುದಿಲ್ಲ. ಚಾಕುವಿನ ಜೊತೆಗೇ ಆ ಬಿಟ್ಟನ್ನೂ ತರಿಸಿಕೊಳ್ಳುವುದು ಜಾಣತನ. ಉಪ್ಪು ಕೂತು ಬಿಗಿದ ತಿರುಗಣೆ ಸಡಿಲಿಸಲು, ಕುಲುಕಾಡುವುದನ್ನು ಬಿಗಿ ಮಾಡಲು ಬೇರೆ ದಾರಿ ಇಲ್ಲ.

ಇನ್ನು ಉಕ್ಕು. ವಿಕ್ಟೋರಿನಾಕ್ಸ್ ಅಲಗಿನ ಗಟ್ಟಿತನ ರಾಕ್‌ವೆಲ್ 56, ಗರಗಸ ಮತ್ತು ಕತ್ತರಿ 53, ಸ್ಪ್ರಿಂಗ್ 49. ಕೊಯ್ಯುವುದು ಗಟ್ಟಿ, ಬಾಗಬೇಕಾದ್ದು ಮೆದು, ಲೆಕ್ಕ ಸರಿಯಾಗಿದೆ. ವೇವ್‌ನ ಅಲಗು 420ಎಚ್‌ಸಿ ಎಂಬ ಉಕ್ಕು. ಎರಡೂ ಸ್ಟೇನ್‌ಲೆಸ್ ಎಂದೇ ಕರೆಸಿಕೊಳ್ಳುತ್ತವೆ, ಎರಡೂ ಸಮುದ್ರದ ನೀರಿಗೆ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಎಂದರೆ ಕ್ರೋಮಿಯಂ ಮೇಲ್ಗಡೆ ಕಟ್ಟುವ ತೆಳ್ಳನೆ ಪೊರೆಯ ರಕ್ಷಣೆ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಷ್ಟು ಗುಂಡಿ ತೋಡುತ್ತದೆ. ಅಲಗಿನ ಮೈಗಿಂತ ಮೊದಲು ಕೆಡುವುದು ಪದರಗಳ ಸಂದು, ಗಾಳಿಯಾಡದೆ ನೀರು ಅಲ್ಲೇ ನಿಲ್ಲುವುದರಿಂದ. ಗೋಕರ್ಣದಿಂದ ಕುಮಟೆಯ ಕಡೆಗೆ ಕಡಲದಂಡೆ ಹಿಡಿದು ನಡೆದು ಬಂದವರು ಅಲಗು ಒರೆಸಿ ಚೀಲಕ್ಕೆ ಹಾಕುತ್ತಾರೆ, ವಾರದ ಮೇಲೆ ಸಂದಿನಿಂದ ಕಂದು ನೀರು ಇಳಿದಿರುತ್ತದೆ. ಇಂಗಾಲ ಕಡಿಮೆ ಮಾಡಿ ಸಾರಜನಕ ಬೆರೆಸಿದ ಎಚ್-1, ಎಲ್‌ಸಿ200ಎನ್ ಉಕ್ಕುಗಳು ಉಪ್ಪಿಗೆ ಚೆನ್ನಾಗಿ ತಡೆದುಕೊಳ್ಳುತ್ತವೆ, ಆದರೆ ಅವು ಬರುವುದು ಒಂಟಿ ಅಲಗಿನ ಚಾಕುಗಳಲ್ಲಿ.

ಅಂಗಡಿಯಲ್ಲಿ ಅಯಸ್ಕಾಂತ ತಾಗಿಸಿ ‘ಹಿಡೀತು, ಡುಪ್ಲಿಕೇಟು’ ಎನ್ನುವವರನ್ನು ನಂಬಬೇಡಿ. ಅಯಸ್ಕಾಂತ ಹಿಡಿಯದ್ದು ಪಾತ್ರೆಯ ಸ್ಟೀಲು. ಅದನ್ನು ಕಾಯಿಸಿ ನೀರು ಕೊಟ್ಟರೂ ಗಟ್ಟಿಯಾಗುವುದಿಲ್ಲ, ಬಾಯಿ ನಿಲ್ಲುವುದಿಲ್ಲ. ಒಳ್ಳೆಯ ಚಾಕುವಿನ ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಅಂಟಲೇಬೇಕು. ನಿಜವಾದ ಪರೀಕ್ಷೆಗಳು ಬೇರೆ. ಒಂದೊಂದನ್ನೇ ಬಿಚ್ಚಿ ಮಡಚಿ, ಎರಡು ಕಡೆಯೂ ‘ಟಕ್’ ಎಂದು ಕೂರಬೇಕು. ಅಲಗಿನ ಮೊನೆ ಹಿಡಿದು ಅಕ್ಕಪಕ್ಕ ಅಲುಗಿಸಿ, ತಿರುಗಣೆಯಲ್ಲಿ ಕುಲುಕಾಟ ಇರಬಾರದು. ಇಕ್ಕಳ ಮುಚ್ಚಿ ಬೆಳಕಿಗೆ ಹಿಡಿಯಿರಿ, ತುದಿ ಕೂಡಿರಬೇಕು. ಬೀಡಿಯ ಕಾಗದದಷ್ಟು ತೆಳುವಾದ್ದನ್ನು ಕಚ್ಚಿ ಎಳೆದರೂ ಬಿಡಬಾರದು. ಸ್ಕ್ರೂಡ್ರೈವರಿನ ತುದಿ ಚೌಕವಾಗಿರಬೇಕು, ದುಂಡಾಗಿದ್ದರೆ ಮೊದಲ ಬಿಗಿ ತಿರುಪಿನಲ್ಲೇ ಜಾರುತ್ತದೆ. ಕತ್ತರಿಗೆ ಒದ್ದೆ ಬಟ್ಟೆಯ ತುಂಡು ಕೊಡಿ. ಕತ್ತರಿಸದೆ ಮಡಚಿಕೊಂಡು ನುಂಗಿದರೆ ಬೇಡ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹೆಸರಿಲ್ಲದ ‘ಹನ್ನೊಂದು ಇನ್ ಒನ್’ಗಳು ಈ ಐದರಲ್ಲಿ ಎರಡನ್ನು ದಾಟಿದರೆ ಹೆಚ್ಚು. ಸ್ವಿಸ್ ಹೆಸರಿನ ನಕಲಿಯನ್ನು ಹಿಡಿಯುವುದು ಕಷ್ಟವಲ್ಲ. ಅಸಲಿ ಹಂಟ್ಸ್‌ಮನ್‌ನ ಶಿಲುಬೆ ಗುರುತು ಲೋಹದ್ದು, ಹಿಡಿಯೊಳಗೆ ಕೂರಿಸಿದ್ದು, ಉಗುರಿನಿಂದ ಕೆರೆದರೆ ಏಳುವ ಬಣ್ಣವಲ್ಲ. ದೊಡ್ಡ ಅಲಗಿನ ಬುಡದಲ್ಲಿ ಕಂಪನಿಯ ಹೆಸರಿನ ಅಚ್ಚು ಇರಬೇಕು.

ಒಪಿನೆಲ್ ಬಗ್ಗೆ ಕೇಳುವವರಿದ್ದಾರೆ. ಮಲ್ಟಿಟೂಲ್ ಅಲ್ಲ, ಬೀಚ್ ಮರದ ಹಿಡಿ, ಒಂದೇ ಅಲಗು, 8ನೇ ನಂಬರಿನದ್ದು 8.5 ಸೆಂ.ಮೀ. ಕೊಯ್ಯುವುದರಲ್ಲಿ ಮೇಲಿನ ಎಲ್ಲವನ್ನೂ ಮೀರಿಸುತ್ತದೆ. ಆದರೆ ಆಷಾಢದ ಮಳೆಗೆ ಮರ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿನಿಂದ ತೆರೆಯಲಾಗದು. ಹಿಡಿಯ ಹಿಂಬದಿಯನ್ನು ಕಟ್ಟೆಗೆ ಮೆಲ್ಲಗೆ ಕುಟ್ಟಿದರೆ ಅಲಗು ತಾನೇ ಒಂದಿಷ್ಟು ಹೊರಬರುತ್ತದೆ. ಕಾರ್ಬನ್ ಉಕ್ಕಿನದ್ದಾದರೆ ಹಸಿ ಅಡಿಕೆಯ ಚೊಗರು, ಮುರುಗಲ ಹಣ್ಣಿನ ಹುಳಿ ತಾಗಿದಲ್ಲೆಲ್ಲ ಕಪ್ಪಾಗುತ್ತದೆ. ಕಪ್ಪು ಕೆಡುಕಲ್ಲ, ಕೆಂಪು ಮಾತ್ರ ತುಕ್ಕು.

ತೊಳೆಯುವ ಕ್ರಮ: ಎಲ್ಲ ಅಲಗನ್ನೂ ಬಿಚ್ಚಿ, ಬಿಸಿ ಸಿಹಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಎರಡು ನಿಮಿಷ ನೆನೆಸಿ, ನೀರಿನೊಳಗೇ ಹತ್ತಿಪ್ಪತ್ತು ಸಲ ಬಿಚ್ಚಿ ಮಡಚಿ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸಂದು ತಿಕ್ಕಿ, ತೊಳೆದು, ಬಿಚ್ಚಿಟ್ಟೇ ಒಣಗಿಸಿ. ಮಳೆಗಾಲದಲ್ಲಿ ಒಲೆಯ ಹತ್ತಿರದ ಬೆಚ್ಚನೆ ಜಾಗ ಸಾಕು, ಬೆಂಕಿಗೆ ಹಿಡಿಯಬೇಡಿ. ಒಣಗಿದ ಮೇಲೆ ತಿರುಗಣೆಗೊಂದು ಹನಿ ಎಣ್ಣೆ. ಕೊಬ್ಬರಿ ಎಣ್ಣೆ ಕೈಗೆ ಸುಲಭ ಸಿಗುತ್ತದೆ, ಆದರೆ ತಿರುಗಣೆಗೆ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟುತ್ತದೆ, ಶಿರಸಿಯ ಪುಷ್ಯಮಾಸದ ಬೆಳಿಗ್ಗೆ ಅಲಗು ತೆರೆಯಲು ಹೆಣಗಬೇಕಾಗುತ್ತದೆ. ಹಳತಾದಂತೆ ಜಿಗುಟಾಗಿ ಧೂಳನ್ನೂ ಹಿಡಿಯುತ್ತದೆ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಗಟ್ಟುವುದಿಲ್ಲ, ಹಣ್ಣು ಕೊಯ್ದರೂ ಭಯವಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಇಕ್ಕಳದ ತಿರುಗಣೆಗೆ ಸರಿ, ತಿನ್ನುವುದನ್ನು ಕೊಯ್ಯುವ ಅಲಗಿಗಲ್ಲ. ಚರ್ಮದ ಚೀಲ ನೋಡಲು ಚೆಂದ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೇವ ಹೀರಿ ಬೂಸಲು ಹಿಡಿದು ಅಲಗನ್ನೂ ಕೆಡಿಸುತ್ತದೆ. ನೈಲಾನ್ ಚೀಲವೇ ಲೇಸು.

ಮಸೆಯುವುದು 15ರಿಂದ 20 ಡಿಗ್ರಿ ಕೋನದಲ್ಲಿ. ಅಲಗಿನ ಅಗಲ 14 ಮಿ.ಮೀ. ಎಂದಾದರೆ ಬೆನ್ನು ಕಲ್ಲಿನಿಂದ 4ರಿಂದ 5 ಮಿ.ಮೀ. ಎದ್ದಿರಬೇಕು, ಹತ್ತಿರ ಹತ್ತಿರ ಮೂರು ಒಂದು ರೂಪಾಯಿ ನಾಣ್ಯ ಪೇರಿಸಿದಷ್ಟು. ನಾಣ್ಯ ಇಟ್ಟು ಎತ್ತರ ನೋಡಿಕೊಂಡು, ತೆಗೆದು, ಅದೇ ಕೋನದಲ್ಲಿ 1000 ನಂಬರಿನ ಕಲ್ಲಿನ ಮೇಲೆ ಒಂದು ಪಕ್ಕ ಮಸೆಯಿರಿ. ಇನ್ನೊಂದು ಪಕ್ಕದ ಅಂಚಿಗೆ ಉಗುರು ಸವರಿದಾಗ ತರಿತರಿ ತಾಗಿದರೆ ಆ ಪಕ್ಕ ಮುಗಿಯಿತು, ತಿರುಗಿಸಿ. ಕೊನೆಗೆ ಹಳೆ ಬೆಲ್ಟಿನ ಒಳಮೈಗೆ ಹಿಮ್ಮುಖವಾಗಿ ಹತ್ತು ಸಲ ಎಳೆದರೆ ಆ ತರಿ ಉದುರುತ್ತದೆ. ಸೈಕಲ್ ಚಕ್ರದ ಸಾಣೆಯವರಿಗೆ ಕೊಡಬೇಡಿ. ಕಿಡಿ ಹಾರುವಷ್ಟು ಒಣ ಸಾಣೆಯಲ್ಲಿ ತೆಳು ಅಂಚು ಕಾದು ಹದ ಹೋಗುತ್ತದೆ. ಸ್ಟೇನ್‌ಲೆಸ್ಸಿನಲ್ಲಿ ಅಂಚು ನೀಲಿಯಾಗಿ ಕಾಣುವ ಹೊತ್ತಿಗೆ ಹದ ಹೋಗಿ ಎಷ್ಟೋ ಹೊತ್ತಾಗಿರುತ್ತದೆ, ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲದು.

ಹಾಗಾದರೆ ಯಾವುದು? ಯಾಣ, ಉಂಚಳ್ಳಿ ಎಂದು ಭಾನುವಾರ ತಿರುಗುವವರಿಗೆ ಹಂಟ್ಸ್‌ಮನ್. ದಿನವೂ ತೋಟಕ್ಕಿಳಿಯುವವರಿಗೆ ಫಾರ್ಮರ್. ಕೈ ದೊಡ್ಡದು, ಲಾಕ್ ಬೇಕು ಎಂದರೆ ಫಾರೆಸ್ಟರ್. ಗಾಳ, ದೋಣಿ, ಬೈಕು ಇರುವವರಿಗೆ ವೇವ್ ಪ್ಲಸ್, ಪ್ರತಿ ಸಲ ತೊಳೆಯುವ ಶಿಸ್ತು ಇದ್ದರೆ ಮಾತ್ರ. ಆ ಶಿಸ್ತಿಲ್ಲದವರು ಪೇಟೆಯ ಸಾದಾ ಮೂತಿ ಇಕ್ಕಳ ಮತ್ತು ಒಂದು ಅಗ್ಗದ ಚೂರಿ ಇಟ್ಟುಕೊಳ್ಳಲಿ, ತುಕ್ಕು ಹಿಡಿದರೆ ಹೊಟ್ಟೆ ಉರಿಯುವುದಿಲ್ಲ. ವಾರಂಟಿ ಲೆದರ್‌ಮನ್‌ಗೆ 25 ವರ್ಷ, ವಿಕ್ಟೋರಿನಾಕ್ಸ್‌ಗೆ ಲೋಹ ಮತ್ತು ತಯಾರಿಕೆಯ ದೋಷಕ್ಕೆ ಜೀವಮಾನವಿಡೀ. ಮೊನೆಯಿಂದ ಡಬ್ಬಿ ಮೀಟಿ ಮುರಿದುಕೊಂಡದ್ದು ಅದರಲ್ಲಿ ಬರುವುದಿಲ್ಲ. ಹುಬ್ಬಳ್ಳಿ ಅಥವಾ ಗೋವಾದಿಂದ ವಿಮಾನ ಹತ್ತುವ ದಿನ ಕೈಚೀಲದಲ್ಲಿ ಉಳಿದರೆ ತಪಾಸಣೆಯಲ್ಲಿ ಹೋಯಿತೆಂದೇ ಲೆಕ್ಕ, ಚೆಕ್-ಇನ್ ಚೀಲಕ್ಕೆ ಹಾಕಿ.

ಯಾವುದನ್ನೇ ತಗೊಂಡರೂ ಅದರ ಹಿಡಿಯ ತುದಿಯಲ್ಲಿರುವ ಬಳೆಗೆ ಒಂದು ಗೇಣು ಕೆಂಪು ಅಥವಾ ಕಿತ್ತಳೆ ನೈಲಾನ್ ದಾರ ಕಟ್ಟಿ. ವೇವ್‌ಗೆ ಬಳೆ ಇಲ್ಲದಿದ್ದರೆ ಚೀಲಕ್ಕೆ ಕಟ್ಟಿ, ಬಳಸಿದ ಮೇಲೆ ಅದಕ್ಕೇ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಬೆಟ್ಟದ ದರಕಿನ (ಒಣ ಎಲೆಗಳ) ಮೇಲೆ ಬಿದ್ದ ಬೂದುಬಣ್ಣದ ಉಪಕರಣವನ್ನು ಹುಡುಕುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಬೇಗ.